ಉರಿಮೋರೆ ಗುಡಿಯ ಹಿಂಗೋಡೆ

ಬೆಂಗಳೂರಿನ ಹಳೆಯ ಪೇಟೆಯೊಳಗೆ ನೂಲುಪೇಟೆ ಎಂಬ ಬೀದಿಯೊಂದಿದೆ. ಅಲ್ಲಿ ಈಗ ನೂಲೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ: ಪ್ಲಾಸ್ಟಿಕ್ ಹೂವಿನ ಹಾರ, ಲಗ್ನಪತ್ರಿಕೆ, ಸ್ಟೀಲ್ ಡಬ್ಬಿ, ಮೊಬೈಲ್ ಕವರು. ಬೀದಿಯ ನಡುಮಧ್ಯದಲ್ಲಿ ಕಲ್ಲಿನ ಗುಡಿ, ಅದರ ಬೆನ್ನಿಗೆ ಗಾರೆಯ ಮಸೀದಿ. ಗುಡಿಯ ಬಾಗಿಲು ಮೂಡಲಿಗಿದೆ. ಮಸೀದಿಯ ಬಾಗಿಲೂ ಮೂಡಲಿಗೇ ಇದೆ. ಹಾಗಾಗಿ ಗುಡಿಯ ಬೆನ್ನು ಮಸೀದಿಯ ಮುಖಕ್ಕೆ ಎದುರಾಗಿದೆ. ನಡುವೆ ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹಾಯುವಷ್ಟು ಅಗಲದ ಓಣಿ. ಎತ್ತಿನ ಗಾಡಿಗಳಿಲ್ಲದ ಕಾರಣ ಅಲ್ಲಿ ಸ್ಕೂಟರುಗಳು ನಿಲ್ಲುತ್ತವೆ. ಗುಡಿಯ ಮುಂದಿನ ಫಲಕದಲ್ಲಿ ಶ್ರೀ ಕಪಿಲೇಶ್ವರಸ್ವಾಮಿ ದೇವಸ್ಥಾನ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಆ ಹೆಸರು ಹೇಳಿ ಆಟೋ ಹತ್ತಿದವರು ಇನ್ನೂ ಪೇಟೆ ಸುತ್ತುತ್ತಿರಬಹುದು. ಉರಿಮೋರೆ ಗುಡಿ ಎಂದರೆ ಮಾತ್ರ ಆಟೋದವನು ಮರುಮಾತಿಲ್ಲದೆ ಬಾಗಿಲಿಗೆ ತಂದು ಇಳಿಸುತ್ತಾನೆ.

ಭಾನುವಾರದ ಬೆಳಿಗ್ಗೆ ಊರು ನೋಡುವವರ ಗುಂಪುಗಳು ಬರುತ್ತವೆ. ತಲೆಗೆ ಟೋಪಿ, ಕೈಯಲ್ಲಿ ನೀರಿನ ಬಾಟಲಿ, ಮುಂದೆ ಕತ್ತಿಗೆ ಮೈಕು ತೂಗುಹಾಕಿಕೊಂಡ ಗೈಡು. ಅವರು ಗುಡಿಯ ಮುಖಮಂಟಪದ ಕಂಬಗಳನ್ನು ಬಿರುಸಾಗಿ ನೋಡಿ ಮುಗಿಸಿ, ದೇವರಿಗೆ ಕೈಮುಗಿದು, ಹಿಂದಿನ ಓಣಿಗೆ ಬರುತ್ತಾರೆ. ಅಲ್ಲಿ ಹಿಂಗೋಡೆಯ ನಡುವೆ, ಎರಡಾಳು ಎತ್ತರದಲ್ಲಿ, ಬಳಪದ ಕಲ್ಲಿನ ಮೋರೆಯೊಂದಿದೆ. ಕೋರೆಹಲ್ಲಿಲ್ಲ, ಹೊರಚಾಚಿದ ನಾಲಿಗೆಯಿಲ್ಲ, ಗುಡ್ಡೆಗಣ್ಣೂ ಇಲ್ಲ. ಸಾಧಾರಣ ಸಂಸಾರಸ್ಥನೊಬ್ಬನ ಮುಖ. ಹುಬ್ಬು ಒಂದಿಷ್ಟು ಗಂಟಿಕ್ಕಿದೆ, ಕೆಳತುಟಿಯನ್ನು ಒಳಗಿನಿಂದ ಕಚ್ಚಿಕೊಂಡಂತಿದೆ, ಒಂದು ಮೂಗಿನ ಹೊಳ್ಳೆ ಇನ್ನೊಂದಕ್ಕಿಂತ ತುಸು ಮೇಲೆದ್ದಿದೆ. ಕಣ್ಣುಗಳು ಓರೆಯಾಗಿ ಮೇಲಕ್ಕೆ, ಎದುರಿನ ಮಸೀದಿಯ ಮಿನಾರಿನ ಕಡೆಗೆ ನೆಟ್ಟಿವೆ. ಮೊದಲ ಸಲ ನೋಡಿದವರಿಗೂ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತದೆ. ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಹೆಚ್ಚಿನವರ ಮನೆಯಲ್ಲಿ ಕನ್ನಡಿ ಇರುತ್ತದೆ. ಅದು ಶಿವಗಣಗಳಲ್ಲಿ ಒಬ್ಬ ಎಂದು ಗುಡಿಯ ಅರ್ಚಕರು ಹೇಳುತ್ತಾರೆ. ಅದು ನಮ್ಮ ಮಿನಾರು ನೋಡುತ್ತಿದೆ ಅಷ್ಟೇ ಎಂದು ಮಸೀದಿಯ ಹಿರಿಯರು ಹೇಳುತ್ತಾರೆ. ಆದರೆ ಬೀದಿಯ ಹಳಬರನ್ನು ಕೂರಿಸಿಕೊಂಡು ಕೇಳಿದರೆ, ಗುಡಿಯ ಕಡೆಯವರೂ ಮಸೀದಿಯ ಕಡೆಯವರೂ ಒಂದೇ ಕಥೆಯನ್ನು ಹೇಳುತ್ತಾರೆ. ಪೇಟೆಯಲ್ಲಿ ಇದು ಅಪರೂಪ.

ಹಿಂದೆ ಒಮ್ಮೆ, ಪೇಟೆಗೆ ಮಣ್ಣಿನ ಕೋಟೆ ಇದ್ದ ಕಾಲದಲ್ಲಿ, ನೂಲು ವ್ಯಾಪಾರದ ಹಂಪಯ್ಯಶೆಟ್ಟರು ಈ ಗುಡಿ ಕಟ್ಟಿಸಲು ಸಿಂಗಾಚಾರಿ ಎಂಬ ಶಿಲ್ಪಿಯನ್ನು ಕರೆಸಿದರು. ಆ ಕಾಲಕ್ಕೆ ಸುತ್ತಿನ ಸೀಮೆಯಲ್ಲೇ ಅವನಷ್ಟು ಕೈಚಳಕದವನಿರಲಿಲ್ಲ ಎನ್ನುತ್ತಾರೆ. ಅವನೂ ಹಾಗೆಯೇ ಎನ್ನುತ್ತಿದ್ದ. ಗುಡಿಯ ಕೆಲಸ ವರ್ಷಗಟ್ಟಲೆ ನಡೆಯಿತು. ಕಂಬಕ್ಕೊಂದು ಮಳೆಗಾಲ ಕಳೆಯಿತು. ಸಿಂಗಾಚಾರಿ ಅವಸರದವನಲ್ಲ, ಶೆಟ್ಟರು ಅವಸರಪಡಿಸಿದರೆ, ಕಲ್ಲಿಗೆ ಹೇಳಿ ನೋಡಿ ಎಂದು ಉಳಿಯನ್ನು ಅವರ ಕೈಗೇ ಕೊಡುತ್ತಿದ್ದ. ಸಂತೆಗೆಂದು ಪೇಟೆಗೆ ಬಂದ ಹಳ್ಳಿಯ ಜನ, ವ್ಯಾಪಾರ ಮುಗಿಸಿ, ಕಟ್ಟುತ್ತಿದ್ದ ಗುಡಿಯನ್ನು ನೋಡಿಯೇ ಊರಿಗೆ ಹೊರಡುವ ರೂಢಿ ಬೆಳೆದಿತ್ತು. ಬಂದವರು ತಲೆಯೆತ್ತಿ ಕಂಬ ನೋಡುವರು, ಬಾಯಿ ತಾನೇ ತೆರೆದುಕೊಳ್ಳುವುದು. ಸಿಂಗಾಚಾರಿ ಅಟ್ಟಣೆಯ ಮೇಲೆ ಕೂತು, ಕೆಲಸದಲ್ಲಿ ಮುಳುಗಿದವನಂತೆ ನಟಿಸುತ್ತ, ಆ ತೆರೆದ ಬಾಯಿಗಳನ್ನು ಓರೆಗಣ್ಣಿನಲ್ಲಿ ನೋಡುವನು. ಶೆಟ್ಟರು ಕೊಡುತ್ತಿದ್ದ ಸಂಬಳ ಅವನ ಮನೆಗೆ ಸಾಲುತ್ತಿತ್ತು. ಅವನಿಗೆ ಸಾಲುತ್ತಿದ್ದದ್ದು ಇದು.

ಹೀಗಿರುವಾಗ ಗುಡಿಯ ಹಿಂದಿನ ಖಾಲಿ ಜಾಗದಲ್ಲಿ ಮಸೀದಿಗೆ ಪಾಯ ತೆಗೆದರು. ಕುದುರೆ ವ್ಯಾಪಾರಿಗಳು ಕೂಡಿ ಕಟ್ಟಿಸಿದ್ದು. ಗಾರೆ ಕೆಲಸಕ್ಕೆ ಶಿರಾ ಸೀಮೆಯಿಂದ ಮೀರಾನ್ ಸಾಬಿ ಎಂಬ ಕೆಲಸಗಾರ ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಓಣಿಯ ತುದಿಯಲ್ಲಿ ಗಾರೆಯ ಗುಂಡಿ ತೋಡಿ, ಎತ್ತು ಕಟ್ಟಿ, ಸುಣ್ಣ ಮರಳು ಅರೆಸಿದ. ಅದಕ್ಕೆ ಬೆಲ್ಲದ ನೀರು ಬಿತ್ತು, ಅಳಲೆಕಾಯಿಯ ರಸ ಬಿತ್ತು, ಮೊಟ್ಟೆಯ ಲೋಳೆ ಬಿತ್ತು. ಸಿಂಗಾಚಾರಿ ಇದನ್ನೆಲ್ಲ ಮೇಲಿನಿಂದ ನೋಡಿ ಬಹಳ ಸಂತೋಷಪಟ್ಟ. ಬೆಲ್ಲ, ಮೊಟ್ಟೆ ಹಾಕಿ ಮಾಡುವುದಕ್ಕೆ ಅಡುಗೆ ಎನ್ನುತ್ತಾರೆ, ಕಟ್ಟಡ ಎನ್ನುವುದಿಲ್ಲ ಎಂದು ತನ್ನ ಆಳುಗಳಿಗೆ ಹೇಳಿದ. ಆಳುಗಳು ನಕ್ಕರು. ಅವರು ಸಂಬಳದವರು.

ಆದರೆ ಗಾರೆಯ ಕೆಲಸ ಕಲ್ಲಿನ ಹಾಗೆ ಕಾಯುವುದಿಲ್ಲ. ಮಸೀದಿ ಏಳುವುದು ಕಣ್ಣಿಗೆ ಕಾಣುವಂತಿತ್ತು. ಗೋಡೆಯ ಮೇಲೆ ಬಳ್ಳಿ ಹಬ್ಬಿತು, ಕಮಾನಿನ ಅಂಚಿಗೆ ಎಲೆ ಚಿಗುರಿತು, ಎರಡು ಮಿನಾರುಗಳ ಸುತ್ತ ತಾವರೆಯ ಮೊಗ್ಗುಗಳು ಸಾಲಾಗಿ ಮೂಡಿದವು. ಹಸಿ ಗಾರೆಯನ್ನು ಕರಣೆಯಲ್ಲಿ ತಿದ್ದಿ, ಆರುವ ಮುನ್ನ ನುಣುಪಾದ ಬೆಣಚುಕಲ್ಲಿನಿಂದ ಉಜ್ಜಿ ಉಜ್ಜಿ ಮೀರಾನ್ ಸಾಬಿ ಅದಕ್ಕೆ ಹೊಳಪು ಕೊಡುತ್ತಿದ್ದ. ಬೆಳಿಗ್ಗೆ ಮೂಡಲ ಬಿಸಿಲು ಬಿದ್ದರೆ ಮಸೀದಿಯ ಮುಖವಿಡೀ ಕನ್ನಡಿಯಾಗುತ್ತಿತ್ತು. ಆ ಬೆಳಕು ಓಣಿ ದಾಟಿ, ಅದುವರೆಗೆ ಮಧ್ಯಾಹ್ನದ ತನಕ ನೆರಳಲ್ಲೇ ಇರುತ್ತಿದ್ದ ಗುಡಿಯ ಹಿಂಗೋಡೆಯ ಮೇಲೆ ಬೀಳತೊಡಗಿತು. ಕೆಲಸ ಮಾಡಲು ಅನುಕೂಲವಾಯಿತು ಎಂದು ಆಳುಗಳು ಅಂದರು. ಸಿಂಗಾಚಾರಿ ಆ ಗೋಡೆಗೆ ಗೋಣಿತಟ್ಟು ಇಳಿಬಿಡಿಸಿದ.

ಸಂತೆಯ ಜನ ಮೊದಲಿನಂತೆಯೇ ಬರುತ್ತಿದ್ದರು. ಗುಡಿಗೆ ಬಂದು, ಕಂಬ ನೋಡಿ, ಚೆನ್ನಾಗಿದೆ ಎಂದು, ಓಣಿಯ ಕಡೆ ತಿರುಗುತ್ತಿದ್ದರು. ಅಲ್ಲಿ ತಲೆಯೆತ್ತುತ್ತಿದ್ದರು. ಅಲ್ಲಿ ಬಾಯಿ ತೆರೆಯುತ್ತಿದ್ದರು. ತೆರೆದ ಬಾಯಿಯನ್ನು ಊರಿನ ಯಾರಿಗಿಂತ ಚೆನ್ನಾಗಿ ಬಲ್ಲ ಸಿಂಗಾಚಾರಿಗೆ, ಒಂದು ಬಾಯಿ ಎಷ್ಟು ತೆರೆದಿದೆ, ಎಷ್ಟು ಹೊತ್ತು ತೆರೆದಿದೆ ಎಂಬುದು ಅಟ್ಟಣೆಯ ಮೇಲಿನಿಂದಲೇ ತಿಳಿಯುತ್ತಿತ್ತು. ತನ್ನ ಕಂಬದೆದುರು ತೆರೆದದ್ದಕ್ಕಿಂತ ಅಲ್ಲಿ ಹೆಚ್ಚು ಎಂದು ಗೊತ್ತಾದ ದಿನ ಅವನು ಮನೆಗೆ ಬಂದು ಊಟಕ್ಕೆ ಕೂತವನು, ಎಲೆಯ ತುದಿಯಲ್ಲಿದ್ದ ಒಬ್ಬಟ್ಟನ್ನು ನೋಡಿ, ಇದಕ್ಕೆ ಬೆಲ್ಲ ಹಾಕಿದ್ದೀಯಾ ಎಂದು ಕೇಳಿದ. ಹೆಂಡತಿ ಚೆನ್ನಾಜಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಬೆಲ್ಲ ನಿಂತಿತು. ಹಬ್ಬಕ್ಕೆ ಉಪ್ಪಿಟ್ಟು ಮಾಡುವ ಸ್ಥಿತಿ ಬಂದಾಗ ಅವಳು ಒಂದು ಸಲ ಕೇಳಿಯೇಬಿಟ್ಟಳು.

"ಏನೂಂದ್ರೆ, ಆ ಮಸೀದಿ ಮುಗಿಯೋವರೆಗೂ ನಾವು ಸಿಹಿ ತಿನ್ನೋ ಹಾಗಿಲ್ವಾ?"

"ಮಸೀದಿಗೂ ಸಿಹಿಗೂ ಏನು ಸಂಬಂಧ?" ಎಂದ ಸಿಂಗಾಚಾರಿ.

"ಅದನ್ನೇ ನಾನೂ ಕೇಳ್ತಿರೋದು," ಎಂದಳು ಚೆನ್ನಾಜಮ್ಮ.

ಜನರ ಬಾಯಿಗಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಮೀರಾನ್ ಸಾಬಿಯ ಬೆನ್ನು. ಮಿನಾರಿನ ಮೂಡಲ ಮೈಗೆ ಗಾರೆ ಮೆತ್ತುವವನು ಗುಡಿಗೆ ಬೆನ್ನು ಹಾಕಿಯೇ ಕೂರಬೇಕು, ಬೇರೆ ದಾರಿಯಿಲ್ಲ. ಇದು ಯಾರಿಗಾದರೂ ತಿಳಿಯುವ ಸಂಗತಿ. ಸಿಂಗಾಚಾರಿಗೆ ತಿಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಬೆನ್ನು ತನ್ನ ಕಡೆಗೇ ತಿರುಗಿರುವುದನ್ನು, ಒಂದು ಸಲವಾದರೂ ಮುಖ ಈ ಕಡೆ ಹೊರಳದಿರುವುದನ್ನು ನೋಡಿ ನೋಡಿ, ಅವನು ಆ ಬೆನ್ನಿನಲ್ಲಿ ಪೊಗರು, ತಾತ್ಸಾರ, ಹಣದ ಮದ, ಶಿರಾ ಸೀಮೆಯವರ ಒಟ್ಟು ಗುಣ ಎಲ್ಲವನ್ನೂ ಓದಿದ. ಗುಡಿಯನ್ನು ಸಾವಿರ ಜನ ಹೊಗಳಿದರು ಸರಿ. ಕೆಲಸ ಬಲ್ಲವನು ಒಬ್ಬನಿದ್ದಾನೆ, ಅವನು ತಿರುಗಿಯೂ ನೋಡುವುದಿಲ್ಲ. ಸಿಂಗಾಚಾರಿಗೆ ಆಮೇಲೆ ಬೇರೆ ಯಾರ ಬಾಯಿಯೂ ಬೇಡವಾಯಿತು. ಆ ಒಂದು ಬಾಯಿ ತೆರೆಯಬೇಕಿತ್ತು.

ಅದಕ್ಕೆಂದೇ ಅವನು ಕಲ್ಲಿನ ಸರಪಳಿಗೆ ಕೈಹಾಕಿದ. ಒಂದೇ ಬಂಡೆಯಲ್ಲಿ ಕೊಂಡಿಯೊಳಗೆ ಕೊಂಡಿ ಬಿಡಿಸಿ, ಎಲ್ಲೂ ಬೆಸುಗೆಯಿಲ್ಲದೆ, ಅಲ್ಲಾಡಿಸಿದರೆ ಕಬ್ಬಿಣದಂತೆ ಶಬ್ದ ಮಾಡುವ ಸರಪಳಿ. ಇಂಥದ್ದನ್ನು ಗುಡಿಯ ಮುಂದೆ ತೂಗುಹಾಕುವುದು ರೂಢಿ. ಸಿಂಗಾಚಾರಿ ಹಿಂದಿನ ಸೂರಿನ ಮೂಲೆಗೆ, ಮಿನಾರಿಗೆ ನೇರ ಎದುರಾಗಿ, ಕೊಕ್ಕೆ ಕೆತ್ತಿದ. ಸರಪಳಿ ಏರಿಸಿದ ದಿನ ಪೇಟೆಯೆಲ್ಲ ಓಣಿಯಲ್ಲಿತ್ತು. ಒಂದು ಕೊಂಡಿ ಒಡೆದರೂ ಎಲ್ಲವೂ ಮಣ್ಣು ಎಂಬ ಭಯದಲ್ಲಿ, ಹಗ್ಗದ ಮೇಲೆ, ಕೊಕ್ಕೆಯ ಮೇಲೆ, ಆಳುಗಳ ಕೈಯ ಮೇಲೆ ಕಣ್ಣಿಟ್ಟು ಅವನು ಅದನ್ನು ಇಂಚಿಂಚಾಗಿ ಏರಿಸಿದ. ಸರಪಳಿ ಕೊಕ್ಕೆಗೆ ಬಿದ್ದು ತೂಗಾಡಿತು. ಕೆಳಗೆ ಹೋ ಎಂಬ ಶಬ್ದವೆದ್ದಿತು. ಆಗಷ್ಟೇ ಸಿಂಗಾಚಾರಿ ಬೆವರು ಒರೆಸಿಕೊಂಡು, ಎದುರಿನ ಅಟ್ಟಣೆಯ ಕಡೆ ನೋಡಿದ. ಅಲ್ಲಿ ಬೆನ್ನಿತ್ತು. ಎಂದಿಗಿಂತ ಹೆಚ್ಚು ಬಗ್ಗಿದ, ಎಂದಿಗಿಂತ ಹೆಚ್ಚು ಕೆಲಸದಲ್ಲಿ ಮುಳುಗಿದ ಬೆನ್ನು.

ಆ ದಿನ ಅವನು ಮನೆಯಲ್ಲಿ ಉಪ್ಪಿಟ್ಟನ್ನೂ ಮುಟ್ಟಲಿಲ್ಲ ಎನ್ನುತ್ತಾರೆ.

ದೇವರು ಪೂರ್ತಿ ಕಣ್ಣು ಮುಚ್ಚಿರಲಿಲ್ಲ. ಕೆಲವು ದಿನ ಕಳೆದು, ಬೆಳಗಿನ ಬಿಸಿಲಿನಲ್ಲಿ ಮಿನಾರನ್ನು ಬೇಡವೆಂದರೂ ನೋಡುತ್ತಿದ್ದ ಸಿಂಗಾಚಾರಿಗೆ ಒಂದು ಮೊಗ್ಗು ಕಾಣಿಸಿತು. ಸಾಲಿನ ಮೊಗ್ಗುಗಳೆಲ್ಲ ಫಳಫಳ ಹೊಳೆಯುತ್ತಿರುವಾಗ ಇದೊಂದು ಮಂಕಾಗಿತ್ತು. ಮೈಯೆಲ್ಲ ತರಿತರಿ, ಎಸಳಿನ ಅಂಚು ಒರಟು. ಉಜ್ಜುವ ಮುನ್ನವೇ ಗಾರೆ ಆರಿಹೋಗಿದೆ ಎಂಬುದು ಕಲ್ಲಿನವನಿಗೂ ಗೊತ್ತಾಗುವಂತಿತ್ತು. ಸಿಂಗಾಚಾರಿ ಅಂದು ಎಲ್ಲರ ಹತ್ತಿರವೂ ಚೆನ್ನಾಗಿ ಮಾತಾಡಿದ. ಮರುದಿನದಿಂದ, ಗುಡಿ ನೋಡಲು ಬಂದವರನ್ನು ತಾನೇ ಓಣಿಗೆ ಕರೆದುಕೊಂಡು ಹೋಗಿ, ಮಸೀದಿ ಬಹಳ ಚೆನ್ನಾಗಿದೆ ನೋಡಿ ಎಂದು ಹೊಗಳಿ, ಆ ಮೂರನೇ ಸಾಲಿನ ಮೊಗ್ಗೊಂದನ್ನು ಬಿಟ್ಟು ಎಂದು ಬೆರಳು ತೋರಿಸುತ್ತಿದ್ದ. ಪಾಪ, ವಯಸ್ಸಾಯಿತೇನೋ, ಕೈ ಸೋತಿರಬೇಕು ಎಂದು ಸೇರಿಸುತ್ತಿದ್ದ. ಮೀರಾನ್ ಸಾಬಿ ಅವನಿಗಿಂತ ಚಿಕ್ಕವನು. ಹಲವು ತಿಂಗಳು ಆ ಒಂದು ಮೊಗ್ಗಿನ ಮೇಲೆ ಸಿಂಗಾಚಾರಿಯ ಮನಸ್ಸಿನ ನೆಮ್ಮದಿ ನಿಂತಿತ್ತು.

ಗುಡಿ ಮುಗಿಯುತ್ತ ಬಂದಾಗ ದೃಷ್ಟಿಮೋರೆಯ ಮಾತು ಬಂತು. ಕಟ್ಟಡಕ್ಕೆ ಕೆಟ್ಟ ಕಣ್ಣು ತಾಗದಿರಲೆಂದು ವಿಕಾರದ ಮೋರೆಯೊಂದನ್ನು ಕಟ್ಟುವುದು ಎಲ್ಲ ಕಡೆಯೂ ಉಂಟು. ಸಾಮಾನ್ಯವಾಗಿ ಅದು ಮಡಕೆ; ಸುಣ್ಣ ಬಳಿದು, ಮಸಿಯಲ್ಲಿ ಕಣ್ಣು ಮೀಸೆ ಬರೆದರೆ ಆಯಿತು. ಸಿಂಗಾಚಾರಿಯ ಮನೆತನದವರಲ್ಲಿ ಅದಕ್ಕೆ ಎರಡು ಕಟ್ಟಳೆಗಳಿದ್ದವು. ಮೋರೆಯನ್ನು ಕೆಟ್ಟ ಕಣ್ಣು ಬರುವ ದಿಕ್ಕಿಗೇ ಮುಖ ಮಾಡಿ ಇಡಬೇಕು. ಕುಂಭಾಭಿಷೇಕದ ದಿನ ಬಟ್ಟೆ ಸರಿಸುವವರೆಗೆ ಅದರ ಕಣ್ಣು ಬಾಯಿಗಳ ಮೇಲೆ ಯಾರ ನೋಟವೂ ಬೀಳಬಾರದು, ಮಾಡಿದವನ ನೋಟ ಕೂಡ. ಮಡಕೆಗೆ ಇದು ಕಷ್ಟವಲ್ಲ. ಕಣ್ಣುಮುಚ್ಚಿ ಗೀಚಿದರೂ ವಿಕಾರವಾಗಿಯೇ ಬರುತ್ತದೆ. ಸಿಂಗಾಚಾರಿ ಮಾತ್ರ ಮಡಕೆ ಬೇಡ, ಕಲ್ಲಿನಲ್ಲೇ ಕೆತ್ತುತ್ತೇನೆ, ಹಿಂಗೋಡೆಗೆ ಇಡುತ್ತೇನೆ ಎಂದ. ಗುಡಿಗೆ ಜನ ಬರುವುದು ಮುಂದಿನಿಂದ, ಮೋರೆ ಹಿಂದೇಕೆ ಎಂದು ಹಂಪಯ್ಯಶೆಟ್ಟರಿಗೆ ಆಶ್ಚರ್ಯ.

"ನಮ್ಮ ಕೆಲಸ ನೋಡಿ ಹೊಟ್ಟೆ ಉರ್ಕೊಳ್ಳೋರು ಇರೋದು ಆ ಕಡೆ, ಶೆಟ್ಟರೇ," ಎಂದ ಸಿಂಗಾಚಾರಿ.

"ಆ ಕಡೆಯವರು ಈ ಕಡೆ ತಿರುಗಿ ಸಹ ನೋಡೋದಿಲ್ವಲ್ಲಯ್ಯ," ಎಂದರು ಶೆಟ್ಟರು.

ಶೆಟ್ಟರು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ನೂಲಿನ ವ್ಯಾಪಾರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವರಿಗೆ ಅಭ್ಯಾಸವಾಗಿತ್ತು. ಸಿಂಗಾಚಾರಿ ಮಾತ್ರ ಅಲ್ಲಿಂದ ನೇರವಾಗಿ ಬಳಪದ ಕಲ್ಲು ಆರಿಸಲು ಹೋದ. ಮೆದುವಾದ ಕಲ್ಲು, ಸಣ್ಣ ಉಳಿಗೂ ಬಗ್ಗುತ್ತದೆ, ಬಟ್ಟೆಯ ಮರೆಯಲ್ಲಿ ಕೈಯಾಡಿಸಿ ಕೆತ್ತಬಹುದು.

ವಿಕಾರದ ಮೋರೆ ಎಲ್ಲರೂ ಮಾಡುತ್ತಾರೆ. ಇವನು ಮಾಡಹೊರಟದ್ದು ಹೊಟ್ಟೆಕಿಚ್ಚಿನವನ ಮೋರೆ. ಆ ಓಣಿಯಲ್ಲಿ ನಿಂತವರಿಗೆಲ್ಲ, ಮಸೀದಿಯ ಕಡೆಯವರು ಗುಡಿಯನ್ನು ನೋಡಿ ಹೀಗಾಗುತ್ತಾರೆ ಎಂದು ತಿಳಿಯಬೇಕು. ಮಾದರಿಗಾಗಿ ಅವನು ಮೀರಾನ್ ಸಾಬಿಯ ಮುಖ ನೋಡಬೇಕಾಯಿತು. ಅದುವರೆಗೆ ಬೆನ್ನನ್ನು ಮಾತ್ರ ನೋಡಿದ್ದನಲ್ಲ. ಗೋಡೆಯ ನೇರ ನೋಡುವ ತೂಗುಗುಂಡು ಸಾಲ ಕೇಳುವ ನೆಪದಲ್ಲಿ ಓಣಿ ದಾಟಿ ಹೋದ. ಮೀರಾನ್ ಸಾಬಿ ಎದ್ದು ನಿಂತು, ಬನ್ನಿ ಆಚಾರ್ರೇ ಎಂದು ಗೋಣಿ ಹಾಸಿ ಕೂರಿಸಿ, ತೂಗುಗುಂಡು ಕೊಟ್ಟು, ಗಾರೆಗೆಂದು ಇಟ್ಟಿದ್ದ ಅಚ್ಚಿನಿಂದ ಒಂದು ಚೂರು ಬೆಲ್ಲ ಮುರಿದು ನೀರಿನ ಜೊತೆ ಮುಂದಿಟ್ಟ. ಸಿಂಗಾಚಾರಿ ಆ ಮುಖದಲ್ಲಿ ಕಿಚ್ಚನ್ನು ಹುಡುಕಿದ. ಹುಬ್ಬಿನಲ್ಲಿ ಸಿಗಲಿಲ್ಲ, ತುಟಿಯಲ್ಲಿ ಸಿಗಲಿಲ್ಲ. ಸುಣ್ಣದ ಧೂಳಿತ್ತು, ಆಯಾಸವಿತ್ತು. ಇಷ್ಟು ಚೆನ್ನಾಗಿ ಮುಚ್ಚಿಟ್ಟುಕೊಂಡಿದ್ದಾನಲ್ಲ ಎಂದು ಸಿಂಗಾಚಾರಿಗೆ ಅವನ ಮೇಲೆ ಇನ್ನಷ್ಟು ಉರಿಯಿತು. ಬೆಲ್ಲವನ್ನು ತಿನ್ನದೆ ಕೈಯಲ್ಲಿ ಹಿಡಿದುಕೊಂಡು ಬಂದು, ಗುಡಿಯ ಜಗಲಿಯ ಮೇಲಿಟ್ಟು ಮರೆತ. ಇರುವೆಗಳು ಮರೆಯಲಿಲ್ಲ.

ಮಾದರಿ ಸಿಗದೆ, ಅವನು ಬಟ್ಟೆಯ ಮರೆಯಲ್ಲಿ ಕೈಗೆ ಬಂದಂತೆ ಕೆತ್ತತೊಡಗಿದ. ಮುಖದ ಒರಟು ಆಕಾರ ಎಲ್ಲರೆದುರೇ ಆಗಿತ್ತು. ಕಣ್ಣು, ಹುಬ್ಬು, ಮೂಗು, ಬಾಯಿ ಮಾತ್ರ ಒದ್ದೆ ಕಂಬಳಿಯ ಅಡಿಯಲ್ಲಿ. ಶಿಲ್ಪಿಗಳಲ್ಲಿ ಒಂದು ರೂಢಿಯಿದೆ. ಮುಖ ಕೆತ್ತುವಾಗ ಅಳತೆ ತಪ್ಪದಿರಲೆಂದು ಆಗಾಗ ತಮ್ಮ ಮುಖವನ್ನೇ ಸವರಿ ನೋಡಿಕೊಳ್ಳುತ್ತಾರೆ: ಹುಬ್ಬಿನ ಮೂಳೆ ಎಲ್ಲಿ ತಿರುಗುತ್ತದೆ, ತುಟಿಯ ಕೊನೆ ಎಲ್ಲಿ ಮಡಿಚಿಕೊಳ್ಳುತ್ತದೆ ಎಂದು. ದೇವರ ಮುಖ ಮಾಡುವವರೂ ಹೀಗೆಯೇ ಮಾಡುತ್ತಾರೆ, ಆಮೇಲೆ ಕಣ್ಣಿನಿಂದ ನೋಡಿ ತಿದ್ದುತ್ತಾರೆ. ಸಿಂಗಾಚಾರಿಗೆ ನೋಡುವ ಹಾಗಿರಲಿಲ್ಲ. ಕಂಬಳಿಯೊಳಗಿಂದ ಕೈ ತೆಗೆದು ಮುಖ ಸವರಿಕೊಳ್ಳುವನು, ಮತ್ತೆ ಒಳಗೆ ಹಾಕಿ ಕಲ್ಲು ಸವರುವನು, ಎರಡೂ ಒಂದೇ ಅನ್ನಿಸುವವರೆಗೆ ಉಳಿಯಾಡಿಸುವನು. ಕೂತ ಜಾಗ ಹಿಂಗೋಡೆಯ ಬುಡ. ಕಣ್ಣಿಗೆ ಬೇರೆ ಕೆಲಸವಿಲ್ಲದ ಕಾರಣ ಅದು ಹಗಲಿಡೀ ಎದುರಿನ ಮಿನಾರನ್ನು ನೋಡುತ್ತಿತ್ತು.

ಕುಂಭಾಭಿಷೇಕದ ದಿನ ಮೋರೆಯನ್ನು ಬಟ್ಟೆ ಸಮೇತ ಗೋಡೆಗೆ ಕೂರಿಸಿದರು. ದೇವರ ಪೂಜೆ ಮುಗಿದು ಜನ ಹಿಂದಿನ ಓಣಿಗೆ ಬಂದರು. ಕುದುರೆ ವ್ಯಾಪಾರಿಗಳೂ ಮಸೀದಿಯ ಮೆಟ್ಟಿಲಿಗೆ ಬಂದು ನಿಂತರು. ನೆರೆಹೊರೆಯ ಕಾರ್ಯಕ್ಕೆ ಬಾರದಿರುವುದು ಆ ಕಾಲದಲ್ಲಿ ಇರಲಿಲ್ಲ. ಶೆಟ್ಟರು ದಾರ ಎಳೆದರು, ಬಟ್ಟೆ ಬಿತ್ತು. ಜನ ಮೋರೆಯನ್ನು ನೋಡಿದರು, ಮೋರೆ ನೋಡುತ್ತಿದ್ದ ಮಿನಾರನ್ನು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಸಿಂಗಾಚಾರಿಯನ್ನು ನೋಡಿದರು. ಅವನು ಆ ಹೊತ್ತಿಗೂ ಹುಬ್ಬು ಗಂಟಿಕ್ಕಿ, ಕೆಳತುಟಿ ಕಚ್ಚಿಕೊಂಡು, ಮೀರಾನ್ ಸಾಬಿ ಎಲ್ಲಿ ನಿಂತಿದ್ದಾನೆ ಎಂದು ಮೇಲೆ ಹುಡುಕುತ್ತಿದ್ದ. ಹೂವು ಮಾರುವ ಮುದುಕಿಯೊಬ್ಬಳು, ಯಾರಿಗೂ ನೋವು ಮಾಡುವ ಉದ್ದೇಶವಿಲ್ಲದೆ, "ಅಯ್ಯೋ, ನಮ್ಮ ಸಿಂಗಾಚಾರ್ರು," ಎಂದಳು.

ನಗು ಓಣಿಯ ಆ ತುದಿಯಿಂದ ಈ ತುದಿಗೆ ಹೋಗಿ ಮತ್ತೆ ಬಂತು. ಸಂಜೆಯಾಗುವುದರೊಳಗೆ ಗುಡಿಗೆ ಹೆಸರು ಬಿದ್ದಿತ್ತು. ಶೆಟ್ಟರು ಕಪಿಲೇಶ್ವರ ಎಂದು ಮೂರು ಬೀದಿಗೆ ಡಂಗುರ ಹೊಡೆಸಿದರು. ಡಂಗುರದವನೇ, ಉರಿಮೋರೆ ಗುಡಿಯ ಹೆಸರು ಇನ್ನು ಮುಂದೆ ಕಪಿಲೇಶ್ವರ ಗುಡಿ ಎಂದು ಸಾರಿದ. ಚೆನ್ನಾಜಮ್ಮ ಜನ ಕರಗಿದ ಮೇಲೆ ಒಬ್ಬಳೇ ಬಂದು ಮೋರೆಯನ್ನು ನೋಡಿದಳು. ಹೇಗಿದೆ ಎಂದು ಸಿಂಗಾಚಾರಿ ಕೇಳಲಿಲ್ಲ. ಆದರೂ ಅವಳು ಹೇಳಿದಳು: ಚೆನ್ನಾಗಿ ಬಂದಿದೆ, ಊಟಕ್ಕೆ ಕೂತಾಗ ತನಗೆ ದಿನಾ ಕಾಣುವುದು ಇದೇ.

ಮರುದಿನ ಬೆಳಿಗ್ಗೆ ಸಿಂಗಾಚಾರಿ ಏಣಿ, ಉಳಿ, ಸುತ್ತಿಗೆ ತೆಗೆದುಕೊಂಡು ಹಿಂಗೋಡೆಗೆ ಬಂದ. ಮೋರೆಯನ್ನು ಒಡೆದು, ಪುಡಿಯನ್ನು ಕೆರೆಗೆ ಸುರಿದು, ಬೇರೆ ಸೀಮೆಗೆ ಹೊರಟುಹೋಗುವುದು ಅವನ ಯೋಚನೆ. ಇಷ್ಟು ವರ್ಷದ ಕಂಬ, ಸರಪಳಿ, ಗೋಪುರ ಎಲ್ಲದರ ಮೇಲೆ ಈ ಒಂದು ಮೋರೆ ಕೂತಿತ್ತು. ಅದು ಇರುವವರೆಗೆ ಅವನ ಹೆಸರು ಇರುವುದಿಲ್ಲ, ಅದು ಹೋದರೂ ಇರುತ್ತದೋ ಇಲ್ಲವೋ ಎಂಬ ಅನುಮಾನವಿತ್ತು. ಏಣಿ ಹತ್ತಿ ಮೋರೆಯ ಎದುರಿಗೆ ಮುಖ ತಂದ. ಅದೇ ಹೊತ್ತಿಗೆ ಮಸೀದಿಯ ಗಾರೆಯ ಮೇಲೆ ಬಿಸಿಲು ಬಿದ್ದು, ಬೆಳಕು ಓಣಿ ದಾಟಿ ಕಲ್ಲಿನ ಮೇಲೆ ಹರಿಯಿತು. ತಾನು ಕೆತ್ತಿದ್ದನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಉಳಿಯನ್ನು ಹುಬ್ಬಿನ ಗಂಟಿಗೆ ಇಟ್ಟ. ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು.

"ಆಚಾರ್ರೇ, ಉಳಿ ತೆಗೀರಿ."

ಮೀರಾನ್ ಸಾಬಿ ಓಣಿ ದಾಟಿ ಬಂದಿದ್ದ. ಗುಡಿಯ ಗೋಡೆಯ ಹತ್ತಿರ ಅವನು ನಿಂತದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ.

"ನಗೋಕೆ ಬಂದ್ರಾ, ಸಾಬ್ರೇ?" ಎಂದ ಸಿಂಗಾಚಾರಿ, ಕೆಳಗೆ ನೋಡದೆ.

"ನಗೋರು ನಿನ್ನೆನೇ ನಕ್ಕು ಹೋದ್ರು. ನಾನು ನೋಡೋಕೆ ಬಂದೆ."

ಸಿಂಗಾಚಾರಿ ಕೆಳಗೆ ನೋಡಲೇಬೇಕಾಯಿತು. ಮೀರಾನ್ ಸಾಬಿ ತಲೆಯೆತ್ತಿ ನಿಂತಿದ್ದ. ಬಾಯಿ ತೆರೆದಿತ್ತು. ಈ ವಿಷಯದಲ್ಲಿ ಸಿಂಗಾಚಾರಿಯನ್ನು ಯಾರೂ ಮೋಸಗೊಳಿಸುವಂತಿರಲಿಲ್ಲ; ಅದು ನಿಜವಾಗಿಯೂ ತೆರೆದ ಬಾಯಿ. ಗಾರೆಯಲ್ಲಿ ಇಂಥದ್ದು ಆಗುವುದಿಲ್ಲ, ತಾನು ಹೂವು ಮೊಗ್ಗು ಬಿಟ್ಟು ಬೇರೇನನ್ನೂ ಮಾಡಿದವನಲ್ಲ, ಮನುಷ್ಯನ ಒಳಗಿನದನ್ನು ಹೀಗೆ ಹೊರಗೆ ಹಾಕುವ ಕೈ ತನಗಿಲ್ಲ ಎಂದು ಮೀರಾನ್ ಸಾಬಿ ನಿಧಾನವಾಗಿ ಹೇಳಿದ. ವರ್ಷಗಟ್ಟಲೆ ಕಾದದ್ದು ಕೈಗೆ ಬಂದಾಗ ಅದನ್ನು ಇಸಿದುಕೊಳ್ಳುವುದು ಹೇಗೆಂದು ಸಿಂಗಾಚಾರಿಗೆ ತಿಳಿಯಲಿಲ್ಲ. ಕೈಯಲ್ಲಿ ಇದ್ದ ಒಂದೇ ಆಯುಧವನ್ನು ಎಸೆದ.

"ನಿಮ್ಮ ಕೈ ಗೊತ್ತಿದೆ ಬಿಡಿ, ಸಾಬ್ರೇ. ಒಂದು ಮೊಗ್ಗಿಗೆ ಸರಿಯಾಗಿ ಹೊಳಪು ಬರಿಸೋಕಾಗ್ಲಿಲ್ಲ ನಿಮಗೆ. ಮೂರನೇ ಸಾಲಲ್ಲಿ."

ಮೀರಾನ್ ಸಾಬಿ ಮಿನಾರಿನ ಕಡೆ ತಿರುಗಲಿಲ್ಲ. ಯಾವ ಮೊಗ್ಗು ಎಂದು ಕೇಳಲೂ ಇಲ್ಲ.

"ಅದು ನೀವು ಸರಪಳಿ ಏರಿಸಿದ ದಿನದ್ದು," ಎಂದ. "ಗಾರೆ ಕೆಲಸದಲ್ಲಿ ತಿರುಗಿ ನೋಡಬಾರದು ಆಚಾರ್ರೇ, ಅದು ಕಾಯೋದಿಲ್ಲ. ಅದಕ್ಕೇ ನಾನು ಈ ಕಡೆ ತಿರುಗ್ತಾನೇ ಇರ್ಲಿಲ್ಲ. ಒಂದು ಸಲ ತಿರುಗಿದ್ರೆ ಕಣ್ಣು ವಾಪಸ್ ಬರೋದಿಲ್ಲ ಅಂತ ಗೊತ್ತಿತ್ತು. ಆವತ್ತು ತಿರುಗಿಬಿಟ್ಟೆ. ಮೊದಲ ಕೊಂಡಿಯಿಂದ ಕೊಕ್ಕೆಗೆ ಬೀಳೋವರೆಗೂ ನೋಡಿದೆ. ಆಮೇಲೆ ಗಡಿಬಿಡೀಲಿ ಬಗ್ಗಿ ಉಜ್ಜಿದೆ, ಅಷ್ಟರಲ್ಲಿ ಒಣಗಿಹೋಗಿತ್ತು."

ಸಿಂಗಾಚಾರಿ ಏಣಿಯ ಮೇಲೆಯೇ ಇದ್ದ. ಆ ದಿನ ತಾನು ಕಣ್ಣೆತ್ತಿದಾಗ ಕಂಡ, ಎಂದಿಗಿಂತ ಹೆಚ್ಚು ಬಗ್ಗಿದ ಬೆನ್ನು ನೆನಪಾಯಿತು. ಆ ಮೊಗ್ಗನ್ನು ತೋರಿಸಿ ತಾನು ಆಡಿದ ಮಾತುಗಳೂ, ಆ ಮಾತುಗಳಿಗೆ ತಲೆಯಾಡಿಸಿದ ಸಂತೆಯ ಜನರೂ ನೆನಪಾದರು. ತನ್ನ ಕೆಲಸಕ್ಕೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆಯನ್ನು ಅವನು ಬೆರಳು ಮಾಡಿ ಊರಿಗೆಲ್ಲ ತೋರಿಸಿ ನಕ್ಕಿದ್ದ.

ಬಿಡುವಾದಾಗ ಅದನ್ನು ಒಡೆದು ಬೇರೆ ಮಾಡಬೇಕೆಂದಿದ್ದೇನೆ, ಕುದುರೆ ಸಾಹುಕಾರರೂ ಹೇಳುತ್ತಿದ್ದಾರೆ ಎಂದು ಮೀರಾನ್ ಸಾಬಿ ಸೇರಿಸಿದ.

"ಬೇಡ," ಎಂದ ಸಿಂಗಾಚಾರಿ. ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿದ. "ಅದು ಅಲ್ಲಿರಲಿ. ಇದೂ ಇಲ್ಲಿರುತ್ತೆ."

ಹೀಗೆ ಒಪ್ಪಂದವಾಯಿತು. ಗುಡಿಯ ಕಡೆಯವರು ಇದನ್ನು ಸಿಂಗಾಚಾರಿಯ ದೊಡ್ಡತನ ಎನ್ನುತ್ತಾರೆ. ಮೊಗ್ಗು ಸರಿಯಾಗಿಬಿಟ್ಟರೆ ಮಸೀದಿಯಲ್ಲಿ ತಪ್ಪು ಹುಡುಕಲು ಅವನಿಗೆ ಬೇರೇನೂ ಉಳಿಯುತ್ತಿರಲಿಲ್ಲ ಎಂದು ಮಸೀದಿಯ ಕಡೆಯವರು ಹೇಳುತ್ತಾರೆ. ಅಂದು ಸಂಜೆ ಚೆನ್ನಾಜಮ್ಮನ ಮನೆಯಲ್ಲಿ ಒಬ್ಬಟ್ಟು ಬೆಂದ ವಾಸನೆ ಬಂತು ಎಂಬ ವಿಷಯದಲ್ಲಿ ಮಾತ್ರ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ಓಣಿ ದಾಟಿ ಒಂದು ಎಲೆಯಷ್ಟು ಅಲ್ಲಿಗೂ ಹೋಯಿತಂತೆ.

ಆಮೇಲಾದರೂ ಸಿಂಗಾಚಾರಿ ಹೊಟ್ಟೆಕಿಚ್ಚು ಬಿಟ್ಟನೇ ಎಂದು ಕೇಳಿದರೆ ಹಳಬರು ತಲೆ ಕೆರೆದುಕೊಳ್ಳುತ್ತಾರೆ. ಮಸೀದಿಯ ಮೇಲೆ ಬಿಟ್ಟ, ಅದು ನಿಜ. ಆದರೆ ಮೋರೆಯ ಸುದ್ದಿ ಹಬ್ಬಿ, ಸಂತೆಯ ಜನ, ದೂರದೂರಿನ ಜನ, ಅದೊಂದನ್ನು ನೋಡಲೆಂದೇ ಬರತೊಡಗಿದರು. ಮುಖಮಂಟಪದ ಕಂಬಗಳ ಪಕ್ಕದಲ್ಲೇ ನಡೆದು, ಅವುಗಳ ಕಡೆ ಕಣ್ಣೂ ಹಾಯಿಸದೆ, ಉರಿಮೋರೆ ಎಲ್ಲಿದೆ ಎಂದು ಸಿಂಗಾಚಾರಿಯನ್ನೇ ಕೇಳುತ್ತಿದ್ದರು. ಕಂಬಕ್ಕೊಂದು ಮಳೆಗಾಲ ಕೊಟ್ಟವನು ಅವನು. ಅದನ್ನು ಬಿಡಿ, ಈ ಕಂಬ ನೋಡಿ, ಈ ಬಳ್ಳಿ ನೋಡಿ ಎಂದು ಮುದುಕನಾದ ಮೇಲೂ ಮಂಟಪದಲ್ಲಿ ಕೂತು ಕರೆಯುತ್ತಿದ್ದನಂತೆ. ಜನ ಹೂಂ ಎಂದು ಹಿಂದಕ್ಕೆ ಹೋಗುತ್ತಿದ್ದರು. ಕೊನೆಗಾಲದಲ್ಲಿ ಅವನಿಗೆ ಲೋಕದಲ್ಲಿ ಕಂಡರಾಗದ್ದು ಆ ಒಂದು ಮೋರೆ ಮಾತ್ರ ಎನ್ನುತ್ತಾರೆ. ಅದನ್ನು ನೋಡುವಾಗ ಅವನ ಮುಖ ಹೇಗಿರುತ್ತಿತ್ತು ಎಂದು ಯಾರೂ ಬೇರೆ ವರ್ಣಿಸಬೇಕಾಗಿಲ್ಲ.

ಇಂದಿಗೂ ಮೋರೆಯನ್ನು ನೋಡಬೇಕೆಂದರೆ ಬೆಳಿಗ್ಗೆಯೇ ಹೋಗಬೇಕು. ಮಸೀದಿಯ ಗಾರೆಯ ಮೇಲೆ ಬಿಸಿಲು ಬಿದ್ದು, ಆ ಬೆಳಕು ಓಣಿ ದಾಟಿ ಬಂದಾಗ ಮಾತ್ರ ಹುಬ್ಬಿನ ಗಂಟು, ತುಟಿಯ ಮಡಿಕೆ ಎಲ್ಲ ಎದ್ದು ಕಾಣುತ್ತದೆ. ಆಮೇಲೆ ಅದು ಸಾಧಾರಣ ಕಲ್ಲು. ಹಾಗಾಗಿ ಹಬ್ಬದ ಮುಂಚೆ ಮಸೀದಿಗೆ ಬಣ್ಣ ಹೊಡೆಸುವ ಮಾತು ಬಂದಾಗಲೆಲ್ಲ ಗುಡಿಯ ಅರ್ಚಕರು ಚಹಾ ಕುಡಿಯುವ ನೆಪದಲ್ಲಿ ಅತ್ತ ಹೋಗಿ, ಎದುರಿನ ಗೋಡೆಗೆ ಆಯಿಲ್ ಪೇಂಟ್ ಬೇಡ ಎಂದು ಹೇಳಿ ಬರುತ್ತಾರೆ. ಸರಪಳಿ ಸೂರಿನ ಮೂಲೆಯಲ್ಲಿ ತೂಗುತ್ತಿದೆ. ಅದರ ಮೇಲೆ ಒಂದು ಕೇಬಲ್ ವೈರು ಹಾಯ್ದುಹೋಗಿದೆ. ಗೈಡು ಮೋರೆಯ ಕಥೆ ಮುಗಿಸಿ, ಈಗ ಹಿಂದೆ ತಿರುಗಿ, ಮೂರನೇ ಸಾಲಿನಲ್ಲಿ ಮಂಕಾದ ಮೊಗ್ಗು ಯಾವುದು ಹುಡುಕಿ ಎನ್ನುತ್ತಾನೆ. ಗುಂಪಿನವರೆಲ್ಲ ಒಟ್ಟಿಗೆ ತಿರುಗುತ್ತಾರೆ. ಸಾಲು ಸಾಲು ಹೊಳೆಯುವ ಮೊಗ್ಗುಗಳ ನಡುವೆ ಆ ಒಂದನ್ನು ಹುಡುಕಲು ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಹಾಗೆ ಬಾಗಿಸಿದವರ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಅವರೆಲ್ಲರ ಬೆನ್ನು ಗುಡಿಯ ಕಡೆಗಿರುತ್ತದೆ. ಹಿಂದಿನಿಂದ, ಅವರ ಟೋಪಿಗಳ ಮೇಲಿನಿಂದ, ಕೆಳತುಟಿ ಕಚ್ಚಿಕೊಂಡ ಮೋರೆ ನೋಡುತ್ತಲೇ ಇರುತ್ತದೆ.